ಅತ್ತೆ ಬಂದ್ ಆದ ವಾರ

ಆ ಹೆಣ್ಣುಮಗಳನ್ನು ಕೊಂದದ್ದು ಅವಳ ಗಂಡ. ಅತ್ತೆಯಲ್ಲ. ಅತ್ತೆ ಪಾಪ ಆ ಹೊತ್ತಿನಲ್ಲಿ ಗುಡಿಯಲ್ಲಿದ್ದಳು. ನಿಜವಾಗಿ ನಡೆದದ್ದು ಇಷ್ಟೇ. ಆದರೆ ಮಸ್ಕಿಯ ನಮ್ಮ ಓಣಿಗೆ ಬಂದು ಯಾವ ಹೆಂಗಸನ್ನು ಬೇಕಾದರೂ ಕೇಳಿ, ಅತ್ತೆಯೇ ಕೊಂದಳು, ಮಗ ಕೈಜೋಡಿಸಿದ ಎಂದು ಆಣೆ ಮಾಡಿ ಹೇಳುತ್ತಾಳೆ. ಹಾಗೆ ಹೇಳಿಕೊಟ್ಟವಳು ನಾನು. ಗಾಬರಿಯಾಗಬೇಡಿ, ಇದು ಟಿವಿಯೊಳಗಿನ ಖೂನಿ. ಎಲ್ಲೋ ದೂರದ ಊರಿನಲ್ಲಿ ಖರೇ ನಡೆದದ್ದನ್ನು ನಾಟಕ ಮಾಡಿ ತೋರಿಸುತ್ತಿದ್ದರು. ಓಣಿಯವರು ತಪ್ಪು ತಿಳಿದುಕೊಂಡದ್ದರಿಂದ ಯಾರ ಮನೆಯ ಗಡಿಗೆಯೂ ಒಡೆಯಲಿಲ್ಲ. ತಿದ್ದಲಿಕ್ಕೆ ನಾನೂ ಹೋಗಲಿಲ್ಲ.

ಅದು ಈಗ ನೆನಪಾದದ್ದು ಮೊನ್ನೆ ಮನೆಗೆ ಬಂದ ಒಂದು ಖಾಲಿ ಡಬ್ಬಿಯಿಂದ. ಎದುರು ಮನೆಗೆ ಬಾಡಿಗೆಗೆ ಬಂದ ಹೊಸ ಜೋಡಿಗೆ ಗುರೆಳ್ಳು ಚಟ್ನಿಪುಡಿ ಕಳಿಸಿದ್ದೆ. ಆ ಹುಡುಗಿ ಡಬ್ಬಿಯನ್ನು ತೊಳೆದು, ಒರೆಸಿ, ಕನ್ನಡಿಯ ಹಾಗೆ ಮಾಡಿ ತಂದುಕೊಟ್ಟು, “ಥ್ಯಾಂಕ್ಸ್ ಅಜ್ಜಿ” ಎಂದು ನಕ್ಕು ಹೋದಳು. ನಾನು ಮುಚ್ಚಳ ತೆಗೆದು ನೋಡಿದೆ. ಏನೂ ಇರಲಿಲ್ಲ. ಕಣ್ಣು ಮಂದವಾಗಿವೆ, ತಳದಲ್ಲಿ ಏನಾದರೂ ಇದ್ದೀತು ಎಂದು ಬೆರಳು ಆಡಿಸಿಯೂ ನೋಡಿದೆ. ಇರಲಿಲ್ಲ. ಒಳ್ಳೆಯ ಹುಡುಗಿಯೇ. ಆದರೆ ಅವಳ ತಾಯಿ ಅವಳಿಗೆ ಏನು ಕಲಿಸಿದಳೋ.

ನಮ್ಮಲ್ಲಿ ಪಾತ್ರೆಯನ್ನು ಬರಿದಾಗಿ ಮರಳಿಸುವುದಿಲ್ಲ. ನನ್ನ ತವರು ಸಂತೆಕಲ್ಲೂರು. ಅಲ್ಲಿ ಮಳೆ ಬಂದರೆ ಜೋಳ, ಇಲ್ಲದಿದ್ದರೆ ಬರೀ ಎರೆಮಣ್ಣು. ಪಕ್ಕದ ಮನೆಯಿಂದ ಒಂದು ಬಟ್ಟಲು ಪುಂಡಿಪಲ್ಯ ಬಂದರೆ ಅವ್ವ ಆ ಬಟ್ಟಲಿಗೆ ಒಂದು ಹಿಡಿ ಅಲಸಂದಿ ಹಾಕಿ ಕಳಿಸುತ್ತಿದ್ದಳು. ಅಲಸಂದಿ ಇಲ್ಲದ ದಿನ ಎರಡು ಹಸಿಮೆಣಸಿನಕಾಯಿ. ಒಂದು ಸಲ ಅದೂ ಇರಲಿಲ್ಲ. ಬಟ್ಟಲು ಕೈಯಲ್ಲಿ ಹಿಡಿದುಕೊಂಡು ಮನೆಯೊಳಗೆ ಸುತ್ತು ಹಾಕಿದಳು, ಹಿತ್ತಲಿಗೆ ಹೋದಳು, ಮತ್ತೆ ಒಳಗೆ ಬಂದಳು. ಕೊನೆಗೆ ಹತ್ತಿಯ ಎರಡು ತೊಳೆ ಬಿಡಿಸಿ ಬಟ್ಟಲಲ್ಲಿಟ್ಟು, “ದೀಪದ ಬತ್ತಿಗೆ ಆಗತೈತಿ ಅಂತ ಹೇಳಿ ಕೊಡು” ಎಂದು ನನ್ನ ಕೈಗಿತ್ತಳು. ನಾನು ದಾರಿಯುದ್ದಕ್ಕೂ ಗಾಳಿಗೆ ಹತ್ತಿ ಹಾರಿಹೋಗದ ಹಾಗೆ ಅಂಗೈ ಮುಚ್ಚಿಕೊಂಡು ಹೋದೆ. ಪಕ್ಕದ ಮನೆಯವಳು ಹತ್ತಿ ತೆಗೆದುಕೊಂಡು ಒಳಗೆ ಹೋದಳು. ಸಂಜೆ ಅವರ ಮನೆಯ ದೀಪಕ್ಕೆ ಹೊಸ ಬತ್ತಿ ಇತ್ತು. ಕೊಟ್ಟವಳು, ತೆಗೆದುಕೊಂಡವಳು, ಇಬ್ಬರೂ ಬಾಯಿ ಬಿಡಲಿಲ್ಲ. ವ್ಯವಹಾರ ಅಂದರೆ ಅದು.

ಹೀಗೆ ಬೆಳೆದವಳಿಗೆ ಥ್ಯಾಂಕ್ಸ್ ಎಂಬುದು ಹೇಗೆ ರುಚಿಸಬೇಕು? ಧನ್ಯವಾದ ಎಂಬ ಮಾತನ್ನು ನಾನು ಕೇಳಿದ್ದು ಮೈಕಿನಲ್ಲಿ ಮಾತ್ರ. ಸಭೆಯ ಕೊನೆಗೆ ಯಾರೋ ಎದ್ದು ನಿಂತು ಅದನ್ನು ಹೇಳುತ್ತಾರೆ. ಆ ಮಾತು ಬಂತೆಂದರೆ ಇನ್ನು ಎದ್ದು ಮನೆಗೆ ಹೋಗಬಹುದು ಎಂದು ಅರ್ಥ.

ನನ್ನ ಸೊಸೆ ಮಹಾದೇವಿ ಲಿಂಗಸುಗೂರಿನವಳು. ಹತ್ತನೇ ತರಗತಿ ಪಾಸಾದವಳು. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ದಿನ ಅವಳ ಕೈಗೆ ನೀರಿನ ಚರಿಗೆ ಕೊಟ್ಟೆ.

“ಥ್ಯಾಂಕ್ಸ್ ರೀ ಅತ್ತಿ” ಎಂದಳು.

“ಯಾಕಬೇ, ನಾ ಏನು ನಿನಗ ಬಸ್ಸಿನ್ಯಾಗ ಸೀಟು ಬಿಟ್ಟುಕೊಟ್ಟೀನೇನು? ಮನೀ ಮಂದಿಗೆ ಯಾರರ ಥ್ಯಾಂಕ್ಸ್ ಅಂತಾರ?”

“ಸಾಲ್ಯಾಗ ಕಲಿಸ್ಯಾರ್ರಿ.”

“ಸಾಲ್ಯಾಗ ಕಲಿತದ್ದು ಸಾಲ್ಯಾಗ ಬಿಟ್ಟು ಬಾ.”

ಬಿಟ್ಟಳು. ಆಮೇಲೆ ನಮ್ಮ ಮನೆಯಲ್ಲಿ ಆ ಮಾತು ಕೇಳಿಸಲಿಲ್ಲ. ಅವಳು ದಿನಾ ಬೆಳಿಗ್ಗೆ ಚಹಾದ ಕಪ್ಪು ತಂದು ನನ್ನ ಮುಂದೆ ಇಡುವಳು. ನಾನು ಕುಡಿದು ಕಪ್ಪನ್ನು ಪಕ್ಕಕ್ಕೆ ಸರಿಸುವೆ. ಅವಳು ಎತ್ತಿಕೊಂಡು ಹೋಗುವಳು. ಇದು ಎಷ್ಟೋ ವರ್ಷ ನಡೆಯಿತು. ನಮ್ಮಿಬ್ಬರಲ್ಲಿ ಯಾರಿಗೂ ಅದರಲ್ಲಿ ಏನೂ ಕಾಣಲಿಲ್ಲ.

ನನಗೆ ಶಾಲೆ ಎಂದರೆ ಕೆಲವು ತಿಂಗಳು. ಅದೂ ನಿಜಾಮರ ಕಾಲದ ಉರ್ದು ಶಾಲೆ, ಚಾವಡಿಯಲ್ಲಿ ಕೂರಿಸಿ ಕಲಿಸುತ್ತಿದ್ದರು. ಅಲಿಫ್, ಬೇ ದಾಟಿ ಮುಂದೆ ಹೋಗುವುದರೊಳಗೆ ನನಗಿಂತ ಚಿಕ್ಕವರನ್ನು ಎತ್ತಿಕೊಂಡು ತಿರುಗುವ ಕೆಲಸ ಬಂತು. ಕನ್ನಡದ ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಮಸ್ಕಿಯ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮ ಯಜಮಾನರ ಕಿರಾಣಿ ಅಂಗಡಿಯಲ್ಲಿ. ಸಾಮಾನು ಕಟ್ಟುವ ಹಳೆಯ ಪೇಪರುಗಳೇ ನನ್ನ ಪುಸ್ತಕ. ಅರ್ಧ ಸುದ್ದಿ ಓದುವಷ್ಟರಲ್ಲಿ ಇನ್ನರ್ಧ ಬೆಲ್ಲದ ಜೊತೆ ಯಾರ ಮನೆಗೋ ಹೋಗಿರುತ್ತಿತ್ತು. ಈಗಲೂ ನನಗೆ ಗೊತ್ತಿರುವ ಬಹಳ ಸಂಗತಿಗಳು ಅರ್ಧರ್ಧವೇ.

ಅದೇ ಅಂಗಡಿಯಲ್ಲಿ ಲಾರಿಯವರ ಜೊತೆ, ಬಳೆಯವರ ಜೊತೆ ಮಾತಾಡಿ ಆಡಿ ಉರ್ದು ಬಾಯಿಗೆ ಬಂತು. ಯಜಮಾನರು ಗಲ್ಲೆಯ ಹಿಂದೆ ಕೂತರೆ ನಾನು ಗಾದಿಯ ಮೇಲೆ ತಕ್ಕಡಿ ಹಿಡಿದು ಕೂರುತ್ತಿದ್ದೆ. “ದೊಡ್ಡವ್ವ, ಬ್ಯಾಳಿ ಹೆಂಗ? ದೊಡ್ಡವ್ವ, ಎಣ್ಣಿ ಚಲೋ ಐತೇನು?” ಎಂದು ದಿನವೆಲ್ಲ ಜನ ಕೇಳುವರು. ಯಜಮಾನರು ಹೋದರು. ಮಗ ಸಿಂಧನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟ. ಕಾಲುವೆ ನೀರಿನ ಕಡೆ ಭತ್ತ ಬೆಳೆಯುವವರು ಹೆಚ್ಚಾದ ಮೇಲೆ ಅಲ್ಲೇ ವ್ಯಾಪಾರ. ಮಸ್ಕಿಯ ಅಂಗಡಿಗೆ ಬಾಗಿಲು ಹಾಕಿದೆವು. ಗಾದಿಯನ್ನು ಮನೆಗೆ ತಂದು ಗೋಡೆಯ ಪಕ್ಕ ಹಾಸಿದೆ. ಕೂತೆ. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಯಾರೂ ಬೈಯುತ್ತಿರಲಿಲ್ಲ. ಆದರೆ ಯಾರೂ ಏನೂ ಕೇಳುತ್ತಲೂ ಇರಲಿಲ್ಲ. ಕೇಳುವವರಿಲ್ಲದ ಬಾಯಿ ಅಂದರೆ ಏನೆಂದು ಅಂಗಡಿ ಮುಚ್ಚಿದವರಿಗೆ ಗೊತ್ತು.

ಆಮೇಲೆ ಟಿವಿ ಬಂತು. ಮಗ ಸಿಂಧನೂರಿನಿಂದ ಬಣ್ಣದ ಟಿವಿ ತಂದ. ಸ್ವಲ್ಪ ದಿನಕ್ಕೆ ಓಣಿಗೆ ಕೇಬಲ್ ಎಳೆದರು. ಹಿಂದಿಯಲ್ಲಿ ಖೂನಿಯ ಕಥೆ ವಾರಕ್ಕೊಮ್ಮೆ ಬರುತ್ತಿತ್ತು. ರಾತ್ರಿ ಗಂಡಸರು ಸುದ್ದಿ ನೋಡುವರು, ನಮಗೆ ಮರುದಿನ ಮಧ್ಯಾಹ್ನ ಆ ಖೂನಿಯ ಕಥೆಯನ್ನೇ ಮತ್ತೊಮ್ಮೆ ಹಾಕುತ್ತಿದ್ದರು. ಊಟ ಮುಗಿಸಿ, ಭಾಂಡೆ ತಿಕ್ಕಿ, ಓಣಿಯ ಹೆಂಗಸರು ಸೆರಗಿನಲ್ಲಿ ಶೇಂಗಾ ಕಟ್ಟಿಕೊಂಡು ನಮ್ಮ ಪಡಸಾಲೆಗೆ ಬಂದು ಕೂಡುವರು. ಹಿಂದಿ ಯಾರಿಗೂ ಬಾರದು. ನನ್ನ ಕಡೆ ತಿರುಗಿ ಕೇಳುವರು: “ದೊಡ್ಡವ್ವ, ಏನಂದ?”

ನನಗೆ ಅಂಗಡಿ ಮತ್ತೆ ತೆರೆದ ಹಾಗಾಯಿತು.

ಒಂದು ತಮಾಷೆ ಹೇಳುತ್ತೇನೆ. ಹಿಂದಿಯ ಪ್ರೀತಿ-ಪ್ರೇಮದ ಕಥೆ ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಗಿಡ ಸುತ್ತುತ್ತ ಏನೇನೋ ಅನ್ನುತ್ತಾರೆ. ಆದರೆ ಖೂನಿಯ ಕಥೆ ನೀರು ಕುಡಿದಷ್ಟು ಸಲೀಸು. ಯಾಕೆ ಹೇಳಿ? ಖೂನಿ, ಗುಮಾನಿ, ಫರಾರಿ, ಪಂಚನಾಮೆ, ಜಾಮೀನು, ಜಪ್ತಿ, ಇವೆಲ್ಲ ನಮ್ಮ ಕಡೆ ಕನ್ನಡವೇ. ನಿಜಾಮರ ಕಚೇರಿ ನಮಗೆ ಬಿಟ್ಟುಹೋದ ಆಸ್ತಿ ಇದು. ಪ್ರೀತಿ ಮಾಡಲಿಕ್ಕೆ ಒಂದು ಮಾತೂ ಕೊಡಲಿಲ್ಲ, ಜೈಲಿಗೆ ಹೋಗಲಿಕ್ಕೆ ಎಲ್ಲ ಮಾತೂ ಕೊಟ್ಟರು. ನಾಲ್ಕು ಮಾತು ಇಂಥವು ಕಿವಿಗೆ ಬಿದ್ದರೆ ಸಾಕು, ನಡುವಿನದನ್ನು ನಾನು ತುಂಬುತ್ತಿದ್ದೆ. ಇನ್‌ಸ್ಪೆಕ್ಟರ್ ಒಂದು ಮಾತಾಡಿದರೆ ನಾನು ಐದು ಹೇಳುತ್ತಿದ್ದೆ. ಅವನು ಹುಬ್ಬು ಏರಿಸಿದರೆ ಅದಕ್ಕೂ ಅರ್ಥ ಹೇಳುತ್ತಿದ್ದೆ. ಆ ದಿನಕ್ಕೆಂದು ಒಳ್ಳೆಯ ಇಳಕಲ್ ಸೀರೆ ಉಟ್ಟು ಕೂತದ್ದೂ ಉಂಟು. ಖೂನಿ ನೋಡಲಿಕ್ಕೆ ಯಾರಾದರೂ ಸಿಂಗಾರ ಮಾಡಿಕೊಳ್ಳುತ್ತಾರೆಯೇ? ನಾನು ಮಾಡಿಕೊಂಡೆ.

ಹಾಡುಹಗಲೇ ಖೂನಿ ಯಾಕೆ ನೋಡುತ್ತೀರಿ ಎಂದು ಮಗ ಒಮ್ಮೆ ಕೇಳಿದ. ಅದಕ್ಕೆ ಪಕ್ಕದ ಮನೆಯ ಹನುಮಕ್ಕ ಸರಿಯಾಗಿ ಉತ್ತರ ಕೊಟ್ಟಳು: “ಇದನ್ನ ನೋಡಿ ಮನಿಗೆ ಹೋದ್ರ ನಮ್ಮನಿಯಂವ ಚಂದ ಕಾಣ್ತಾನಪ್ಪ. ಸೋಮಾರಿ ಅದಾನ ಖರೇ, ಆದ್ರ ಕೊಡ್ಲಿ ಎತ್ತಂಗಿಲ್ಲ.”

“ಕೊಡ್ಲಿ ಎತ್ತಾಕರ ಮೈ ಬಗ್ಗಬೇಕಲ್ಲಬೇ” ಎಂದೆ ನಾನು. ಎಲ್ಲರಿಗಿಂತ ಜಾಸ್ತಿ ನಕ್ಕವಳು ಹನುಮಕ್ಕನೇ. ಆದರೆ ನಿಜ. ಖೂನಿ ನೋಡಿದ ದಿನ ಸಂಜೆ ಅವಳ ಗಂಡನಿಗೆ ಬಿಸಿ ರೊಟ್ಟಿ ಸಿಗುತ್ತಿತ್ತು. ಅದು ಯಾಕೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಮಹಾದೇವಿ ಮಾತ್ರ ನಮ್ಮ ನಡುವೆ ಕೂರುತ್ತಿರಲಿಲ್ಲ. ಅಡುಗೆ ಮನೆಯ ಹೊಸ್ತಿಲ ಹತ್ತಿರ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತ ನೋಡುವಳು. ನಾನು ಅರ್ಥ ಹೇಳುವಾಗ ಒಮ್ಮೊಮ್ಮೆ ಅವಳ ಕೈ ಮೊರದ ಮೇಲೆ ನಿಂತುಬಿಡುತ್ತಿತ್ತು. ತಲೆ ಬಗ್ಗಿಸಿರುತ್ತಿದ್ದಳು. ಪಾಪ, ಖೂನಿ ಕಂಡು ಹೆದರುತ್ತಾಳೆ ಎಂದುಕೊಂಡಿದ್ದೆ.

ಆ ವಾರದ ಕಥೆ ಎರಡು ಕಂತಿನದು. ಒಂದು ಮನೆಯ ಸೊಸೆ ಸತ್ತು ಬಿದ್ದಿದ್ದಾಳೆ. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬಂದು ಪೊಲೀಸರ ಮುಂದೆ “ಬಹುತ್ ಅಚ್ಛೀ ಥೀ” ಎನ್ನುತ್ತಾರೆ. ಬಹಳ ಒಳ್ಳೆಯವಳಿದ್ದಳು ಎಂದೆ ನಾನು. ಡಾಕ್ಟರ್ ಬಂದ, ಕೈ ಹಿಡಿದು ನೋಡಿದ, ತಲೆ ಆಡಿಸಿ ಏನೋ ಹೇಳಿದ. ನನಗೆ ಕೇಳಿಸಿದ್ದು: “ಸಾಸ್ ಬಂದ್ ಹೋ ಗಯೀ.” ಅದೇ ಹೊತ್ತಿಗೆ ಟಿವಿಯ ತುಂಬ ಅತ್ತೆಯ ಮುಖ. ದಡ್ ಎಂದು ಸದ್ದು. ಕರೆಂಟ್ ಹೋಯಿತು.

“ದೊಡ್ಡವ್ವ, ಏನಂದ? ಏನಂದ?”

ಸಾಸ್ ಎಂದರೆ ಅತ್ತೆ. ಅಂಗಡಿಗೆ ಬರುವ ಬಳೆಗಾರರ ಹೆಂಗಸರು ದಿನಾ ಬೈಯುತ್ತಿದ್ದದ್ದು ಸಾಸನ್ನೇ. ಬಂದ್ ಎಂದರೆ ಯಾರಿಗೆ ತಿಳಿಯದು? “ಅತ್ತೀನ ಬಂದ್ ಮಾಡ್ಯಾರ” ಎಂದೆ. “ಪೊಲೀಸರು ಆಕೀನ ಒಳಗ ಹಾಕ್ಯಾರ. ನಾ ಮೊದ್ಲ ಅನಕೊಂಡಿದ್ದೆ, ಆಕಿ ಕಣ್ಣು ನೋಡ್ರಿ ಹೆಂಗ ಅದಾವ.”

ಒಂದು ವಾರ ಓಣಿಯಲ್ಲಿ ಅದೇ ಮಾತು. ನಲ್ಲಿಯ ಹತ್ತಿರ ಸೊಸೆಯರೆಲ್ಲ ಅತ್ತೆಯರಿಗೆ “ಹುಷಾರಿರ್ರಿ, ಬಂದ್ ಮಾಡ್ತಾರ” ಎಂದು ಚಾಷ್ಟಿ ಮಾಡುವುದು. ಅತ್ತೆಯರೆಲ್ಲ ನನ್ನ ಹತ್ತಿರ ಬಂದು ಆ ಅತ್ತೆ ಎಂಥವಳು, ಯಾಕೆ ಕೊಂದಳು ಎಂದು ಕೇಳುವುದು. ನಾನು ಕಾರಣಗಳನ್ನು ಹೇಳುತ್ತ ಹೋದೆ. ವಾರ ಮುಗಿಯುವಷ್ಟರಲ್ಲಿ ಆ ಅತ್ತೆಯ ತವರು ಮನೆಯ ಜಗಳವೂ ನನಗೆ ಗೊತ್ತಿತ್ತು.

ಎರಡನೇ ಕಂತಿನ ಹಿಂದಿನ ದಿನ ಬೀಗತಿ ಬಂದರು. ಮಹಾದೇವಿಯ ತಾಯಿ, ಬಸಲಿಂಗಮ್ಮ. ಕೈಯಲ್ಲಿ ಒಂದು ದೊಡ್ಡ ಸ್ಟೀಲ್ ಡಬ್ಬಿ, ಅದರ ತುಂಬ ಶೇಂಗಾ ಉಂಡಿ. ಬೀಗತಿ ಒಳ್ಳೆಯವರೇ, ಆದರೆ ಹತ್ತು ವರ್ಷ ರಾಯಚೂರಿನ ಸ್ಟೇಷನ್ ಓಣಿಯಲ್ಲಿ ಇದ್ದವರು. ಅಲ್ಲಿಯ ಹಿಂದಿ ಬೇರೆ, ನನ್ನ ಅಂಗಡಿಯದರ ಹಾಗಲ್ಲ, ಪಕ್ಕಾ. ಅದು ನನಗೆ ನೆನಪಾದದ್ದು ಮರುದಿನ ಮಧ್ಯಾಹ್ನ ಅವರು ಬಂದು ಟಿವಿಯ ಮುಂದೆ, ನನ್ನ ಗಾದಿಯ ಪಕ್ಕದಲ್ಲೇ ಕೂತಾಗ. ಇವರ ಎದುರಿಗೆ ಒಂದು ಮಾತು ತಪ್ಪಿದರೆ ಓಣಿಯವರು ಮುಂದಿನ ವಾರದಿಂದ ‘ಏನಂದ’ ಎಂದು ಯಾರ ಕಡೆ ತಿರುಗುತ್ತಾರೆ? ಯಾರ ಕಡೆಯೂ ತಿರುಗುವುದಿಲ್ಲ. ಸುಮ್ಮನೆ ನೋಡಿ ಹೋಗುತ್ತಾರೆ. ನಾನು ಮತ್ತೆ ಮೂಲೆಗೆ ನಿಲ್ಲಿಸಿದ ಒನಕೆ.

ಕಥೆ ಶುರುವಾಯಿತು. ಮೊದಲಿಗೆ ಹಿಂದಿನ ವಾರದ್ದನ್ನೇ ಚೂರು ತೋರಿಸಿದರು. ಡಾಕ್ಟರ್ ಬಂದ, ಕೈ ಹಿಡಿದ, ಅದೇ ಮಾತು ಹೇಳಿದ.

“ಅತ್ತೀನ ಬಂದ್ ಮಾಡಿದ್ದು ಇದಾ ನೋಡ್ರಿ” ಎಂದಳು ಹನುಮಕ್ಕ, ಬೀಗತಿಗೆ ತಿಳಿಸುವವಳ ಹಾಗೆ.

ಬೀಗತಿ ಬಾಯಲ್ಲಿದ್ದ ಶೇಂಗಾ ನುಂಗಿ, “ಅತ್ತೀನ? ಅಲ್ರಿ ಅಕ್ಕಾರ, ಅದು ಅತ್ತಿ ಅಲ್ಲ, ಅದು...” ಎಂದು ನನ್ನ ಕಡೆ ತಿರುಗಿದರು.

“ಅವ್ವಾ!” ಮಹಾದೇವಿ ಹೊಸ್ತಿಲ ಹತ್ತಿರದಿಂದ ಕೂಗಿದಳು. “ಒಲಿ ಮ್ಯಾಲೆ ಹಾಲು ಉಕ್ಕಾಕತ್ತಾವು. ಓಡು ಓಡು, ನನ್ನ ಕೈಯಾಗ ಮೊರ ಐತಿ.”

ಬೀಗತಿ ಎದ್ದು ಓಡಿದರು. ಹಾಲು ಬೆಳಿಗ್ಗೆಯೇ ಕಾಸಿ ಇಳಿಸಿದ್ದು ನನಗೆ ಗೊತ್ತು. ಒಳಗಿನಿಂದ ಬೀಗತಿಯ ದನಿ: “ಒಲಿ ಆರಿ ತಣ್ಣಗಾಗೈತಲ್ಲಲೇ!”

“ಹೌದಾ? ಹಂಗಾರ ಉಂಡಿ ಡಬ್ಬಿ ತಗೊಂಡು ಬಾ, ಎಲ್ಲಾರಿಗೂ ಕೊಡೂಣು.”

ಅಷ್ಟರಲ್ಲಿ ಟಿವಿಯಲ್ಲಿ ಅತ್ತೆ ಮನೆಯಲ್ಲೇ ಕೂತಿದ್ದಾಳೆ. ಸೊಸೆಯ ಫೋಟೋಕ್ಕೆ ಹಾರ ಹಾಕಿ, ಊದುಬತ್ತಿ ಹಚ್ಚಿ, ಗೋಡೆಗೆ ತಲೆ ಆನಿಸಿ ಅಳುತ್ತಿದ್ದಾಳೆ.

“ದೊಡ್ಡವ್ವ,” ಹನುಮಕ್ಕ ನನ್ನ ಮೊಣಕಾಲು ಅಲುಗಿಸಿದಳು, “ಬಂದ್ ಮಾಡಿದಾಕಿ ಮನ್ಯಾಗ ಹೆಂಗ ಕುಂತಾಳ?”

ಎಲ್ಲರೂ ನನ್ನ ಕಡೆ ತಿರುಗಿದರು. ಉಂಡಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತ ಬೀಗತಿಯೂ. ಎಷ್ಟೋ ವರ್ಷ ತಕ್ಕಡಿ ಹಿಡಿದವಳು, ಯಾರ ಎದುರಿಗೂ ತಡವರಿಸದವಳು, ಆದರೆ ಒಂದು ಮಾತು ಹೊರಡಲಿಲ್ಲ.

ಮೊರದಿಂದ ತಲೆ ಎತ್ತದೆ ಮಹಾದೇವಿ ಹೇಳಿದಳು: “ಜಾಮೀನು ಮ್ಯಾಲೆ ಬಂದಾಳ.”

“ಹಾಂ ಹೌದು, ಜಾಮೀನು!” ಎಂದರು ಎಲ್ಲರೂ. ಟಿವಿಯ ಕಡೆ ತಿರುಗಿದರು.

ಕೊನೆಗೆ ಗಂಡನಿಗೆ ಬೇಡಿ ಹಾಕಿದಾಗ ನನ್ನ ದನಿ ನನಗೆ ಮರಳಿ ಬಂತು. “ತಾಯಿಗೆ ಸಾಥ್ ಕೊಟ್ಟಾನ, ಅದಕ್ಕ” ಎಂದೆ. ಬೀಗತಿ ಮಗಳನ್ನು ನೋಡಿದರು, ನನ್ನನ್ನು ನೋಡಿದರು, ಒಂದು ಉಂಡಿ ತೆಗೆದು ಬಾಯಿಗೆ ಹಾಕಿಕೊಂಡರು. ಮತ್ತೆ ಆ ಮಾತು ಎತ್ತಲಿಲ್ಲ. ಮಗಳಿಗೆ ಆ ಗುಣ ಎಲ್ಲಿಂದ ಬಂತು ಎಂಬುದು ನನಗೆ ಆಗ ತಿಳಿಯಿತು.

ಸಂಜೆ ಮಹಾದೇವಿ ರೊಟ್ಟಿ ಬಡಿಯುತ್ತಿದ್ದಳು. ನಾನು ಹೋಗಿ ಒಲೆಯ ಪಕ್ಕದ ಮಣೆಯ ಮೇಲೆ ಕೂತೆ.

“ನಿನಗ ಹಿಂದಿ ಬರತೈತೇನು?”

“ಸಾಲ್ಯಾಗ ಇತ್ರಿ.”

“ಸಾಸ್ ಅಂದ್ರ ಏನು?”

“ಅತ್ತಿ.”

“ಮತ್ತ ಆ ಡಾಕ್ಟರ ಅಂದದ್ದು?”

ರೊಟ್ಟಿ ಬಡಿಯುವ ಸದ್ದು ನಿಂತಿತು. “ಅದು ಸಾಂಸ್ ರೀ. ಮೂಗಿನ್ಯಾಗ ಅನಬೇಕು. ಸಾಂಸ್ ಅಂದ್ರ ಉಸುರು. ಉಸುರು ನಿಂತೈತಿ ಅಂದ ಆಂವ.”

ಉಸಿರು! ಅಂಗಡಿಯ ಉರ್ದುವಿನಲ್ಲಿ ಯಾರಾದರೂ ಉಸಿರಿನ ಮಾತಾಡುತ್ತಾರೆಯೇ? ಅಲ್ಲಿ ಬೇಳೆ, ಬೆಲ್ಲ, ಸಾಸ್, ಇಷ್ಟೇ.

“ಹಂಗಾರ ಅತ್ತೀನ ಬಂದ್ ಮಾಡೇ ಇಲ್ಲ.”

“ಇಲ್ರಿ.”

“ನಿನಗ ಹೋದ ವಾರಾನ ಗೊತ್ತಿತ್ತು.”

“ಹೂಂ ರೀ.”

“ಬಾಯಾಗ ಏನು ಹಿಟ್ಟು ತುಂಬಿಕೊಂಡಿದ್ದಿ? ಅನಬೇಕಿಲ್ಲೇನು?”

ಅವಳು ಹಿಟ್ಟಿನ ಕೈ ಮೊಣಕಾಲ ಮೇಲಿಟ್ಟುಕೊಂಡಳು. “ಟಿವಿಯವ್ರು ಹೇಳೋದಕಿಂತ ನೀವು ಹೇಳೋದು ಚಲೋ ಇರತೈತ್ರಿ. ಅವರದ್ರಾಗ ಬರೇ ಯಾರು ಕೊಂದ್ರು ಅಂತ ಇರತೈತಿ. ನೀವು ಎಲ್ಲಾರ ಹೊಟ್ಟ್ಯಾಗಿಂದೂ ಹೇಳ್ತೀರಿ.” ಹಂಚಿನ ಕಡೆ ನೋಡುತ್ತ ಹೇಳಿದಳು: “ಮತ್ತ ಆ ಗಾದಿ ಮ್ಯಾಲೆ ನೀವು ಕುಂತಾಗ, ಅಂಗಡ್ಯಾಗ ಕುಂತಂಗ ಕಾಣ್ತೀರಿ.”

“ರೊಟ್ಟಿ ಹೊತ್ತಾಕತ್ತೈತಿ ನೋಡು” ಎಂದು ಎದ್ದು ಬಂದೆ. ರೊಟ್ಟಿ ಹೊತ್ತುತ್ತಿರಲಿಲ್ಲ.

ಅಂಗಳದ ಕಟ್ಟೆಯ ಮೇಲೆ ಕೂತೆ. ನನಗೆ ಅಳು ಬರುವುದಿಲ್ಲ, ಆವತ್ತೂ ಬರಲಿಲ್ಲ. ಆದರೆ ಆ ಟಿವಿಯ ಅಕ್ಕಪಕ್ಕದವರು ತಲೆಯಿಂದ ಹೋಗಲೊಲ್ಲರು. ಬಹುತ್ ಅಚ್ಛೀ ಥೀ. ಒಳ್ಳೆಯವಳಿದ್ದಳು. ಪೊಲೀಸರು ಬಂದು ಕೇಳಿದ ಮೇಲೆ ಎಲ್ಲರ ಬಾಯಲ್ಲೂ ಅದೇ. ಆಕೆ ನೀರು ಹೊತ್ತುಕೊಂಡು ಅವರ ಮುಂದೆಯೇ ದಿನಾ ಹೋಗುವಾಗ ‘ಒಳ್ಳೆಯವಳಿದ್ದಾಳೆ’ ಎಂದು ಒಬ್ಬರಾದರೂ ಅಂದಿದ್ದರೇ? ಅಂದಂತೆ ತೋರಿಸಲಿಲ್ಲ. ತೋರಿಸಿದರೆ ಅದರಲ್ಲಿ ಕಥೆ ಏನಿರುತ್ತದೆ, ಬಿಡಿ.

ಮಹಾದೇವಿಗೆ ಏನಾದರೂ ಅನ್ನಬೇಕು ಎನಿಸಿತು. ಅನ್ನಲಿಕ್ಕೆ ನನ್ನ ಹತ್ತಿರ ಮಾತಿರಲಿಲ್ಲ. ಇದ್ದ ಒಂದೇ ಮಾತನ್ನು ನಾನೇ ಶಾಲೆಗೆ ವಾಪಸು ಕಳಿಸಿದ್ದೆ. ಈಗ ಅದನ್ನು ಕರೆದು ತಂದರೆ ಹುಡುಗಿ ಹೆದರಿ ಮಗನಿಗೆ ಹೇಳಿಯಾಳು, ಅತ್ತಿಗೆ ಜಡ್ಡಾಗೈತಿ ಎಂದು.

ಮರುದಿನ ಬೆಳಿಗ್ಗೆ ಬೀಗತಿ ಲಿಂಗಸುಗೂರು ಬಸ್ಸಿಗೆ ಹೊರಟರು. ಅವರ ಡಬ್ಬಿಗೆ ತೊಗರಿಬೇಳೆ ತುಂಬಿ ಕೊಟ್ಟೆ. ಅದು ಪದ್ಧತಿ, ಅದರಲ್ಲಿ ಹೇಳುವಂಥದ್ದು ಏನಿಲ್ಲ. ಅವರನ್ನು ಬಸ್ಸಿಗೆ ಹತ್ತಿಸಿ ಬಂದು ಕೂತಾಗ ಮಹಾದೇವಿ ಚಹಾ ತಂದಿಟ್ಟಳು. ಕುಡಿದೆ. ಕಪ್ಪನ್ನು ಪಕ್ಕಕ್ಕೆ ಸರಿಸಲಿಕ್ಕೆ ಹೋದ ಕೈ ನಿಂತಿತು. ಕಪ್ಪಿನೊಳಗೆ ನೋಡಿದೆ. ಬರಿದು. ಎದ್ದು ಬಚ್ಚಲಿಗೆ ಹೋಗಿ ಅದನ್ನು ತೊಳೆದೆ, ಸೆರಗಿನಿಂದ ಒರೆಸಿದೆ. ಬೆಲ್ಲದ ಡಬ್ಬಿಯಿಂದ ಒಂದು ಒಳ್ಳೆಯ ಹೆಂಟೆ ಆರಿಸಿ ಅದರಲ್ಲಿಟ್ಟು, ಒಲೆಯ ಕಟ್ಟೆಯ ಮೇಲೆ ಅವಳ ಕೈಗೆ ಸಿಗುವ ಹಾಗೆ ಇಟ್ಟೆ.

“ಇದೇನ್ರಿ ಅತ್ತಿ?” ಎಂದಳು ಮಹಾದೇವಿ.

“ಲಗೂನ ತಿನ್ನು,” ಎಂದೆ, “ಇರುವಿ ಹತ್ತತಾವು.”